ಪಾತ್ರ, ಸಂದರ್ಭ, ಸ್ವಾರಸ್ಯ

ಉತ್ತರಪತ್ರಿಕೆಗಳನ್ನು ತಿದ್ದುವುದು ಬೇಸರದ ಕೆಲಸವೆಂದು ನಮ್ಮ ವೃತ್ತಿಯವರು ಹೇಳುವುದುಂಟು. ಅದು ಒಮ್ಮೊಮ್ಮೆ ನಾಚಿಕೆಯ ಕೆಲಸವೂ ಆಗಬಹುದೆಂಬುದನ್ನು ನಾನು ಕಲಿತದ್ದು ಹೋದ ವರ್ಷ.

ನಾನು ಪಾಠ ಹೇಳುವ ಪದವಿ ತರಗತಿಗೆ ಅನುವಾದಿತ ಕಥೆಗಳ ಸಣ್ಣದೊಂದು ಸಂಕಲನ ಪಠ್ಯವಾಗಿತ್ತು. ಹಿಂದಿಯ ಚಂದ್ರಧರ ಶರ್ಮಾ ಗುಲೇರಿಯವರ ‘ಉಸ್‌ನೇ ಕಹಾ ಥಾ’ ಎಂಬ ಯುದ್ಧದ ಕಥೆ ಅದರಲ್ಲಿ ಒಂದು. ‘ಲಹನಾ ಸಿಂಗನ ಪಾತ್ರವನ್ನು ಚಿತ್ರಿಸಿ’ ಎಂದು ಆಂತರಿಕ ಪರೀಕ್ಷೆಯಲ್ಲಿ ನಾನೇ ಪ್ರಶ್ನೆ ಕೇಳಿದ್ದೆ. ನಲವತ್ತೊಂದು ಉತ್ತರಗಳು ಬಂದವು. ಲಹನಾ ಸಿಂಗ್ ಶೂರ, ತ್ಯಾಗಿ, ಸಮಯಸ್ಫೂರ್ತಿಯುಳ್ಳವನು, ಸ್ವಾಮಿನಿಷ್ಠ, ವಚನಪರಿಪಾಲಕ, ಆದರ್ಶ ಪ್ರೇಮಿ: ಈ ಆರು ವಿಶೇಷಣಗಳು ಇದೇ ಕ್ರಮದಲ್ಲಿ ಒಂದೊಂದು ಪತ್ರಿಕೆಯಲ್ಲಿಯೂ ಮೆರವಣಿಗೆ ಹೊರಟಿದ್ದವು. ಮೂರನೆಯ ಪತ್ರಿಕೆಗೆ ನಗು ಬಂದಿತು. ಹನ್ನೆರಡನೆಯದಕ್ಕೆ ಸಿಟ್ಟು ಬಂದಿತು. ಇಪ್ಪತ್ತನೆಯದನ್ನು ತಿದ್ದುವಾಗ ಆ ಸಾಲು ಯಾರದೆಂದು ನೆನಪಾಯಿತು. ಅದು ನನ್ನದೇ. ಎಷ್ಟೋ ವರ್ಷಗಳ ಹಿಂದೆ, ಅಧ್ಯಾಪಕನಾದ ಹೊಸತರಲ್ಲಿ, ಪಾಠ ಮುಗಿಯದ ಅವಸರದಲ್ಲಿ ನಾನು ಬರೆಯಿಸಿದ ಟಿಪ್ಪಣಿ ಅದು. ಒಬ್ಬರ ನೋಟ್‌ಬುಕ್ಕಿನಿಂದ ಇನ್ನೊಬ್ಬರಿಗೆ, ಅಲ್ಲಿಂದ ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ಮೊಬೈಲಿಗೆ ಇಳಿದು, ಬರೆಯಿಸಿದವನನ್ನು ಮರೆತು, ಅದು ಚಿರಂಜೀವಿಯಾಗಿತ್ತು.

ಕಥೆಯನ್ನು ಓದದಿರುವ ವಾಚಕರಿಗಾಗಿ ಎರಡು ಮಾತು. ಗುಲೇರಿಯವರು 1883ರಲ್ಲಿ ಹುಟ್ಟಿ 1922ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಸಂಸ್ಕೃತದ ದೊಡ್ಡ ವಿದ್ವಾಂಸರು. ಅಜ್ಮೀರದ ಮೇಯೋ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಅವರು ಬರೆದ ಕಥೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಈ ಒಂದು ಕಥೆ 1915ರಲ್ಲಿ ‘ಸರಸ್ವತಿ’ ಪತ್ರಿಕೆಯಲ್ಲಿ ಪ್ರಕಟವಾಗಿ ಅವರ ಹೆಸರನ್ನು ಉಳಿಸಿತು. ಅಮೃತಸರದ ಬಜಾರಿನಲ್ಲಿ ಹನ್ನೆರಡು ವರ್ಷದ ಹುಡುಗನೂ ಎಂಟು ವರ್ಷದ ಹುಡುಗಿಯೂ ಅಂಗಡಿಯ ಮುಂದೆ ಆಗಾಗ ಎದುರಾಗುತ್ತಾರೆ. ಮದುವೆ ನಿಶ್ಚಯವಾಯಿತೇ ಎಂದು ಹುಡುಗ ತಮಾಷೆಗೆ ಕೇಳುತ್ತಾನೆ. ಹುಡುಗಿ ಗದರಿಕೊಂಡು ಓಡಿಹೋಗುತ್ತಾಳೆ. ಒಂದು ದಿನ ಅವಳು ಆಯಿತೆಂದು ಹೇಳಿಬಿಡುತ್ತಾಳೆ. ಇಪ್ಪತ್ತೈದು ವರ್ಷ ಕಳೆಯುತ್ತದೆ. ಆ ಹುಡುಗ ಈಗ ಜಮಾದಾರ ಲಹನಾ ಸಿಂಗ್, ಫ್ರಾನ್ಸಿನ ಕಂದಕವೊಂದರಲ್ಲಿ ಕೆಸರು ನೀರಿನಲ್ಲಿ ಕುಳಿತಿದ್ದಾನೆ. ಆ ಹುಡುಗಿ ಅವನ ಮೇಲಧಿಕಾರಿ ಸುಬೇದಾರ ಹಜಾರಾ ಸಿಂಗನ ಹೆಂಡತಿ. ಅವಳ ಒಬ್ಬನೇ ಮಗ ಬೋಧಾ ಸಿಂಗ್ ಜ್ವರ ಬಂದು ಅದೇ ಕಂದಕದಲ್ಲಿ ಮಲಗಿದ್ದಾನೆ. ಯುದ್ಧಕ್ಕೆ ಹೊರಡುವ ಮುನ್ನ ಅವಳು ಲಹನಾ ಸಿಂಗನನ್ನು ಒಳಗೆ ಕರೆದು, ಸೆರಗೊಡ್ಡಿ, ಇವರಿಬ್ಬರನ್ನೂ ಕಾಪಾಡೆಂದು ಬೇಡಿದ್ದಳು. ಅವನು ಕಾಪಾಡುತ್ತಾನೆ, ತಾನು ಸಾಯುತ್ತಾನೆ.

ಹೀಗೆ ಸಂಗ್ರಹಿಸಿ ಹೇಳಿದೊಡನೆಯೇ ನನ್ನ ಆರು ವಿಶೇಷಣಗಳೂ ಸರಿಯೆಂದು ತೋರುತ್ತವೆ. ಕೇಡು ಇರುವುದೇ ಅಲ್ಲಿ. ಅವು ಸಂಗ್ರಹಕ್ಕೆ ಒಪ್ಪುತ್ತವೆ, ಕಥೆಗೆ ಒಪ್ಪುವುದಿಲ್ಲ.

ಟಿಪ್ಪಣಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೂರು ಬಸ್ಸು ಬದಲಿಸಿ ಕಾಲೇಜಿಗೆ ಬರುವ, ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ಟಿಪ್ಪಣಿ ಬೇಡ, ಮೂಲವನ್ನೇ ಓದು ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಮಾತು. ಮೇಲಾಗಿ ನಮ್ಮ ವಿದ್ಯಾಪರಂಪರೆಯೇ ಟೀಕೆ, ವ್ಯಾಖ್ಯಾನಗಳ ಪರಂಪರೆ. ಮೂಲದ ಆಧಾರವಿಲ್ಲದೆ ಏನನ್ನೂ ಬರೆಯಲಾರೆನೆಂದು ಮಲ್ಲಿನಾಥ ತನಗೆ ತಾನೇ ಕಟ್ಟು ಹಾಕಿಕೊಂಡಿದ್ದ. ಆ ಟೀಕೆ ಕಾಳಿದಾಸನ ಪದ್ಯದ ಬೆರಳು ಹಿಡಿದು ಪದದಿಂದ ಪದಕ್ಕೆ ನಡೆಯುತ್ತದೆ. ಪದ್ಯವನ್ನು ಬಿಟ್ಟರೆ ಅದಕ್ಕೆ ನಿಲ್ಲಲು ನೆಲವಿಲ್ಲ. ನಾನು ಬರೆಯಿಸಿದ್ದಕ್ಕಾದರೋ ಕಥೆಯ ಹಂಗೇ ಇರಲಿಲ್ಲ. ಲಹನಾ ಸಿಂಗನ ಹೆಸರನ್ನು ಅಳಿಸಿ ಯಾವ ವೀರನ ಹೆಸರನ್ನು ಬರೆದರೂ ಅದು ನಡೆಯುತ್ತಿತ್ತು.

ಆ ರಾತ್ರಿ ಪತ್ರಿಕೆಗಳನ್ನು ಬದಿಗಿರಿಸಿ ಕಥೆಯನ್ನು ಮತ್ತೊಮ್ಮೆ ಓದಿದೆ. ಎಷ್ಟನೆಯ ಸಲವೋ ತಿಳಿಯದು. ಆದರೆ ಟಿಪ್ಪಣಿ ಬರೆಯಿಸುವ ಅವಸರವಿಲ್ಲದೆ ಓದಿದ್ದು ಅದೇ ಮೊದಲ ಸಲವೆಂದು ತೋರುತ್ತದೆ.

ಹುಡುಗಿಗೆ ನಿಶ್ಚಯವಾದ ಸುದ್ದಿ ಕೇಳಿ ಹುಡುಗ ಮನೆಗೆ ಹೊರಡುವ ಭಾಗ ನಾಲ್ಕಾರು ಸಾಲಿನದು. ದಾರಿಯಲ್ಲಿ ಅವನು ಒಬ್ಬ ಹುಡುಗನನ್ನು ಚರಂಡಿಗೆ ನೂಕುತ್ತಾನೆ; ಬೀದಿಯ ಮಾರಾಟಗಾರನೊಬ್ಬನ ದಿನದ ಸಂಪಾದನೆಯನ್ನು ಹಾಳುಮಾಡುತ್ತಾನೆ; ನಾಯಿಗೆ ಕಲ್ಲೆಸೆಯುತ್ತಾನೆ; ತರಕಾರಿಯ ಗಾಡಿಯ ಮೇಲೆ ಹಾಲು ಸುರಿಯುತ್ತಾನೆ; ಸ್ನಾನ ಮಾಡಿ ಮಡಿಯಲ್ಲಿ ಬರುತ್ತಿದ್ದ ಹೆಂಗಸೊಬ್ಬಳಿಗೆ ಡಿಕ್ಕಿ ಹೊಡೆದು ಕುರುಡನೆಂದು ಬೈಸಿಕೊಳ್ಳುತ್ತಾನೆ. ಆಮೇಲೆ ಮನೆ ಸೇರುತ್ತಾನೆ. ಅವನಿಗೆ ದುಃಖವಾಯಿತೆಂದು ಗುಲೇರಿಯವರು ಹೇಳುವುದಿಲ್ಲ. ‘ಪ್ರೇಮ’ವೆಂಬ ಮಾತಿನ ಸುಳಿವೇ ಇಲ್ಲ. ತನಗೇನಾಯಿತೆಂದು ಆ ಹನ್ನೆರಡು ವರ್ಷದ ಹುಡುಗನಿಗೇ ತಿಳಿಯದು. ತಿಳಿಯದ್ದಕ್ಕೇ ನಾಯಿಗೆ ಕಲ್ಲು ಬೀಳುತ್ತದೆ. ನನ್ನ ಟಿಪ್ಪಣಿಯಲ್ಲಿ ಈ ಭಾಗಕ್ಕೆ ಜಾಗವೇ ಇರಲಿಲ್ಲ. ‘ಆದರ್ಶ ಪ್ರೇಮಿ’ ಚರಂಡಿಗೆ ಯಾರನ್ನಾದರೂ ನೂಕುವುದುಂಟೆ? ವಿಶೇಷಣಕ್ಕೆ ಒಗ್ಗದುದನ್ನು ನಾನು ಬಿಟ್ಟಿದ್ದೆ; ಬಿಟ್ಟದ್ದರಲ್ಲಿಯೇ ಲಹನಾ ಸಿಂಗನಿದ್ದ.

ಕಂದಕದಲ್ಲಿ ಅವನು ತನ್ನ ಕಂಬಳಿಗಳನ್ನು ಬೋಧಾ ಸಿಂಗನಿಗೆ ಹೊದಿಸಿ, ಅವನ ಪಾಳಿಯ ಕಾವಲನ್ನೂ ತಾನೇ ಮಾಡುತ್ತಾನೆ. ಕೊನೆಗೆ ಮೈಮೇಲಿನ ಉಣ್ಣೆಯ ಅಂಗಿಯನ್ನೂ ಬಿಚ್ಚಿಕೊಡುತ್ತಾನೆ. ತನ್ನ ಬಳಿ ಇನ್ನೊಂದಿದೆಯೆಂದು ಸುಳ್ಳು ಹೇಳುತ್ತಾನೆ. ಇದಕ್ಕೆ ‘ತ್ಯಾಗ’ವೆಂದು ಹೆಸರಿಡಬಹುದು. ಆದರೆ ಹೆಸರಿಟ್ಟೊಡನೆ ಆ ಸುಳ್ಳು ಮಾಯವಾಗುತ್ತದೆ. ಚಳಿಯಲ್ಲಿ ನಡುಗುತ್ತ ಬೆಚ್ಚಗಿದ್ದೇನೆಂದು ನಟಿಸುವ ನಡುವಯಸ್ಸಿನ ಗಂಡಸು ಮಾಯವಾಗುತ್ತಾನೆ. ಹೋರಾಟದಲ್ಲಿ ಪಕ್ಕೆಗೆ ಗುಂಡು ತಗುಲಿದಾಗ ಅವನು ಗಾಯಕ್ಕೆ ಕಂದಕದ ಹಸಿಮಣ್ಣನ್ನು ತುಂಬಿ ಮೇಲೆ ಬಟ್ಟೆ ಬಿಗಿಯುತ್ತಾನೆ. ಅದು ಯಾರಿಗೂ ತಿಳಿಯುವುದಿಲ್ಲ. ಗಾಯಾಳುಗಳ ಗಾಡಿ ಬಂದಾಗ ತಂದೆಮಗನನ್ನು ಹತ್ತಿಸಿ ತಾನು ಹಿಂದೆ ಉಳಿಯುತ್ತಾನೆ. ಅವನು ತನ್ನ ವಿಷಯವನ್ನು ಎಲ್ಲರಿಂದ ಮುಚ್ಚಿಡುವವನು; ಕಥೆಗಾರನೂ ಅವನೊಡನೆ ಸೇರಿ ಮುಚ್ಚಿಡುತ್ತಾನೆ. ಹೀಗಿರುವಲ್ಲಿ ಕಪ್ಪುಹಲಗೆಯ ಮೇಲೆ ಒಂದರಿಂದ ಆರರವರೆಗೆ ಅವನ ಗುಣಗಳನ್ನು ಬರೆದು ತೋರಿಸುವುದೆಂದರೆ, ಅವನು ಕಟ್ಟಿಕೊಂಡ ಬಟ್ಟೆಯನ್ನು ಬಿಚ್ಚಿ ಪ್ರದರ್ಶನಕ್ಕಿಟ್ಟಂತೆ.

ಇನ್ನು ಸಂದರ್ಭದ ಮಾತು. ಈ ಕಥೆಯ ಹಿನ್ನೆಲೆಯೆಂದು ನಾನು ಬರೆಯಿಸಿದ್ದು ಹೀಗೆ: ಮೊದಲನೆಯ ಮಹಾಯುದ್ಧ, 1914ರಿಂದ 1918, 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ, ಮಿತ್ರಪಕ್ಷ, ಶತ್ರುಪಕ್ಷ. ಎಲ್ಲವೂ ನಿಜ, ಯಾವುದೂ ಲಹನಾ ಸಿಂಗನಿಗೆ ತಿಳಿದಿರಲಾರದು. ಹಿಂದೂಸ್ಥಾನದ ಪಡೆಗಳು 1914ರ ಸೆಪ್ಟೆಂಬರ್ ಕೊನೆಗೆ ಮಾರ್ಸೇಲ್ಸಿನಲ್ಲಿ ಇಳಿದವು. ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಈಪ್ರದ ಸುತ್ತ ಹೋರಾಡಿದವು. 1915ರ ಮಾರ್ಚಿನಲ್ಲಿ ನವ್ ಶಪೆಲ್ಲಿನಲ್ಲಿ ಅಪಾರ ಸಾವುನೋವು ಕಂಡವು. ಅದೇ ವರ್ಷದ ಕೊನೆಗೆ ಕಾಲ್ದಳದ ಪಡೆಗಳನ್ನು ಅಲ್ಲಿಂದ ತೆಗೆದು ಮೆಸೊಪೊಟೇಮಿಯಕ್ಕೆ ಕಳುಹಿಸಲಾಯಿತು. ಇಷ್ಟನ್ನಾದರೂ ಹೇಳಿದ್ದರೆ ಕಂದಕದ ಚಳಿಗೆ ಒಂದು ತಾರೀಖು ಸಿಗುತ್ತಿತ್ತು. ಆದರೆ ಕಥೆ ತನ್ನ ಸಂದರ್ಭವನ್ನು ತಾನೇ ಹೇಳುತ್ತದೆ. ಲಹನಾ ಸಿಂಗ್ ರಜೆಯ ಮೇಲೆ ಊರಿಗೆ ಹೋದದ್ದು ಜಮೀನಿನ ವ್ಯಾಜ್ಯಕ್ಕಾಗಿ. ಸುಬೇದಾರನಿಗೆ ಸರ್ಕಾರ ಬಹಾದುರನೆಂಬ ಪದವಿ ಕೊಟ್ಟಿದೆ, ಲಾಯಲ್‌ಪುರದಲ್ಲಿ ನೆಲ ಕೊಟ್ಟಿದೆ. ಆ ಉಪ್ಪಿನ ಋಣ ತೀರಿಸುವ ಹೊತ್ತು ಬಂದಿದೆಯೆಂದು ಅವನ ಹೆಂಡತಿಯೇ ಹೇಳುತ್ತಾಳೆ. ಯುದ್ಧ ಮುಗಿದ ಮೇಲೆ ಸರ್ಕಾರದಿಂದ ಹತ್ತು ಪಾಲು ನೆಲ ಕೇಳಿ ಹಣ್ಣಿನ ಗಿಡ ಹಾಕುವ ಮಾತು ಕಂದಕದಲ್ಲಿ ನಡೆಯುತ್ತದೆ. ಸಾಯುವಾಗ ಲಹನಾ ಸಿಂಗನ ಬಾಯಲ್ಲಿ ಬರುವುದು ಮನೆಯ ಮಾವಿನ ಮರ. ಕಾಲುವೆ ನೀರು ಹರಿದು ಹೊಸದಾಗಿ ಹಸನಾದ ಪಂಜಾಬಿನ ಆ ನೆಲವನ್ನು ಸರ್ಕಾರ ಸೈನಿಕಸೇವೆಗೆ ಬಹುಮಾನವಾಗಿ ಕೊಡುತ್ತಿದ್ದ ಕಾಲ ಅದು. ಆಸ್ಟ್ರಿಯಾದ ಯುವರಾಜನಲ್ಲ, ಈ ನೆಲವೇ ಅವರನ್ನು ಹಡಗು ಹತ್ತಿಸಿದ್ದು. ಸಂದರ್ಭವೆಂದರೆ ನಾಟಕದ ಹಿಂದೆ ಇಳಿಬಿಟ್ಟ ಪರದೆಯೆಂದು ನಾನು ಭಾವಿಸಿದ್ದೆ. ಅದು ಪಾತ್ರದ ಕೈ ಹಿಡಿದೆಳೆಯುವ ಹಗ್ಗವೆಂದು ಹೊಳೆದಿರಲಿಲ್ಲ.

ಹಾಗೆಂದು ಸಂದರ್ಭದ ಹೆಸರಿನಲ್ಲಿ ಕಥೆಗಾರನನ್ನು ಕಟಕಟೆಗೆ ತರುವ ಪಾಂಡಿತ್ಯವೂ ನನಗೆ ಬೇಡ. ಗುಲೇರಿಯವರು ಲಹನಾ ಸಿಂಗನ ಕೈಗೆ ಹೆನ್ರಿ ಮಾರ್ಟಿನಿ ಕೋವಿಯನ್ನು ಕೊಟ್ಟಿದ್ದಾರೆ. ಫ್ರಾನ್ಸಿಗೆ ಹೋದ ಪಡೆಗಳ ಕೈಯಲ್ಲಿದ್ದುದು ಲೀ ಎನ್‌ಫೀಲ್ಡ್. ಅವರ 77ನೆಯ ಸಿಖ್ ರೈಫಲ್ಸ್ ಎಂಬ ಪಡೆಯೂ ಸೇನೆಯಲ್ಲಿರಲಿಲ್ಲ; ಅಲ್ಲಿ ನಿಜಕ್ಕೂ ಹೋರಾಡಿದ ಸಿಖ್ ಪಡೆಗಳು 15ನೆಯದು, 47ನೆಯದು. ಅಜ್ಮೀರದಲ್ಲಿ ಕುಳಿತ ಪಂಡಿತರ ತಪ್ಪಿದು. ಕಥೆಗೆ ಇದರಿಂದ ಒಂದು ಗೀರೂ ಬಿದ್ದಿಲ್ಲ.

ಈ ವಿಷಯದಲ್ಲಿ ಕಥೆಯೇ ನಮ್ಮಂಥವರನ್ನು ನೋಡಿ ನಗುತ್ತದೆ. ಇಂಗ್ಲಿಷ್ ಅಧಿಕಾರಿಯ ವೇಷದಲ್ಲಿ ಜರ್ಮನ್ ಗೂಢಚಾರನೊಬ್ಬ ಕಂದಕಕ್ಕೆ ಬರುತ್ತಾನೆ. ಅವನ ಉರ್ದು ಶುದ್ಧ. ಆದರೆ ಪುಸ್ತಕದ ಉರ್ದು. ಅವನು ಸಿಖ್ಖನ ಮುಂದೆ ಸಿಗರೇಟು ಚಾಚುತ್ತಾನೆ. ಲಹನಾ ಸಿಂಗನಿಗೆ ಅನುಮಾನ ಬಂದು ಹಳೆಯ ಬೇಟೆಯ ನೆನಪು ತೆಗೆದು ಪರೀಕ್ಷಿಸುತ್ತಾನೆ: ಸಾಹೇಬರು ಕತ್ತೆಯ ಮೇಲೆ ಸವಾರಿ ಹೋದದ್ದು, ಮುಸಲ್ಮಾನ ಅಡಿಗೆಯವ ಗುಡಿಯಲ್ಲಿ ನೀರೆರೆಯಲು ನಿಂತದ್ದು, ಎರಡಡಿ ಕೊಂಬಿನ ನೀಲಗಾಯಿ. ಗೂಢಚಾರ ಎಲ್ಲಕ್ಕೂ ಹೌದೆನ್ನುತ್ತಾನೆ. ಪಾಪ, ಹಿಂದೂಸ್ಥಾನದ ಬಗೆಗೆ ಅವನಿಗೆ ಯಾರೋ ಒಳ್ಳೆಯ ಟಿಪ್ಪಣಿ ಬರೆಯಿಸಿದ್ದಿರಬೇಕು. ನೀಲಗಾಯಿಯ ಕೊಂಬು ಗೇಣುದ್ದ ಮೀರದೆಂಬುದು ಅದರಲ್ಲಿ ಬಿಟ್ಟುಹೋಗಿತ್ತು.

ಪಾತ್ರಕ್ಕೂ ಸಂದರ್ಭಕ್ಕೂ ಇರುವ ಸಂಬಂಧ ಯಾವಾಗಲೂ ಸರಳವಲ್ಲವೆಂಬುದನ್ನು ಕನ್ನಡದ ವಿದ್ಯಾರ್ಥಿಗೆ ಪಂಜಾಬಿನ ಕಥೆಯೇ ಹೇಳಬೇಕಾಗಿಲ್ಲ. ರನ್ನನ ಗದಾಯುದ್ಧದ ಐತಿಹಾಸಿಕ ಸಂದರ್ಭ ಸ್ಪಷ್ಟವಾಗಿದೆ: ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕವಿ ಕಾವ್ಯ ಕಟ್ಟಿದ, ಅದಕ್ಕೆ ಸಾಹಸಭೀಮವಿಜಯವೆಂದೇ ಹೆಸರು. ಸಂದರ್ಭವೊಂದನ್ನೇ ನೆಚ್ಚಿದರೆ ಉತ್ತರ ಅಲ್ಲಿಗೆ ಮುಗಿಯಿತು. ಆದರೆ ಸಂಜಯನೊಡನೆ ಹೆಣಗಳ ನಡುವೆ ನಡೆಯುವವನು ದುರ್ಯೋಧನ. ದ್ರೋಣನ ಮುಂದೆ, ಕರ್ಣನ ಮುಂದೆ, ತಮ್ಮನ ಮುಂದೆ, ಮಗನ ಮುಂದೆ ನಿಲ್ಲುವವನು ಅವನು. ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿಯುವವನೂ ಅವನೇ. ಕವಿ ಅನ್ನದ ಋಣವನ್ನು ಭೀಮನಿಗೆ ಸಲ್ಲಿಸಿ, ಕಣ್ಣೀರನ್ನು ಇನ್ನೊಬ್ಬನಿಗೆ ಕೊಟ್ಟ. ನಮ್ಮ ಹುಡುಗರು ‘ಛಲದಂಕಮಲ್ಲ’ನೆಂದು ಒಂದು ಮಾತು ಬರೆದು ಕೆಳಗೆ ಗೆರೆಯೆಳೆಯುತ್ತಾರೆ. ಅಭಿಮನ್ಯುವಿನ ಮುಂದೆ ಮುಗಿದ ಕೈ ಯಾವ ಛಲದ್ದೆಂದು ಕೇಳಿದರೆ, ಅದು ಸಿಲೆಬಸ್ಸಿನಲ್ಲಿ ಬರುತ್ತದೆಯೇ ಎಂದು ಮರುಪ್ರಶ್ನೆ.

ಗುಲೇರಿಯವರ ಕಥೆಯ ಕೊನೆಗೆ ಬರುತ್ತೇನೆ. ಲಹನಾ ಸಿಂಗ್ ವಜೀರಾ ಸಿಂಗನ ತೊಡೆಯ ಮೇಲೆ ತಲೆಯಿಟ್ಟಿದ್ದಾನೆ. ಜ್ವರದ ಭ್ರಮೆಯಲ್ಲಿ ಅವನನ್ನೇ ತನ್ನ ತಮ್ಮ ಕೀರತ್ ಸಿಂಗನೆಂದು ತಿಳಿದು ಮಾವಿನ ಮರದ ಮಾತಾಡುತ್ತಾನೆ; ಊರಿನಲ್ಲಿ ಆ ಮರಕ್ಕೂ ಮನೆಯ ಹುಡುಗನಿಗೂ ಒಂದೇ ವಯಸ್ಸು. ವಜೀರಾ ಸಿಂಗನ ಕಣ್ಣೀರು ಹನಿಯುತ್ತದೆ. ಆಮೇಲೆ ಒಂದು ಬಿಡುವು. ಕೆಲವು ದಿನಗಳ ನಂತರ ಜನ ಪತ್ರಿಕೆಯಲ್ಲಿ ಒಂದು ಸಾಲನ್ನು ಓದುತ್ತಾರೆ: ದೇಶದ ಹೆಸರು, ಎಷ್ಟನೆಯ ಪಟ್ಟಿ, ಸಾವಿನ ಕಾರಣ, ಪಡೆಯ ಸಂಖ್ಯೆ, ದರ್ಜೆ, ಹೆಸರು. ಕಥೆ ಅಲ್ಲಿಗೆ ನಿಲ್ಲುತ್ತದೆ.

ಲಹನಾ ಸಿಂಗನ ಮೇಲೆ ಬರೆದ ಮೊಟ್ಟಮೊದಲ ಟಿಪ್ಪಣಿ ಅದೇ. ಅದರಲ್ಲಿ ತಪ್ಪಿಲ್ಲ. ನನ್ನದರಂತೆ ಅದರಲ್ಲಿಯೂ ಸುಮಾರು ಆರು ಅಂಶಗಳು. 1915ರಲ್ಲಿ ಈ ಕಥೆ ಅಚ್ಚಾದಾಗ ಅಂಥ ಪಟ್ಟಿಗಳು ನಿಜವಾಗಿಯೇ ಪತ್ರಿಕೆಗಳಲ್ಲಿ ಬರುತ್ತಿದ್ದವು. ಆಗಿನ ಓದುಗನೊಬ್ಬ ಬೆಳಿಗ್ಗೆ ಪಟ್ಟಿಯನ್ನು ನೋಡಿ ಸಂಜೆ ಕಥೆಯನ್ನು ಓದಿದ್ದರೆ ಆಶ್ಚರ್ಯವಿಲ್ಲ. ಮರುದಿನದ ಪಟ್ಟಿಯನ್ನು ಅವನು ಹಿಂದಿನಂತೆ ಓದಿರಲಾರ.

ಈಗ ಉಳಿದ ಒಂದು ಪತ್ರಿಕೆಯ ವಿಷಯ. ನಲವತ್ತೊಂದರಲ್ಲಿ ಒಂದು ಉತ್ತರ ಬೇರೆಯಾಗಿತ್ತು. ಹಿಂದಿನ ಬೆಂಚಿನಲ್ಲಿ ಕೂರುವ, ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಆರು ವಿಶೇಷಣಗಳಲ್ಲಿ ಒಂದನ್ನೂ ಬರೆಯದೆ, ಒಂದೂವರೆ ಪುಟ ಸುಬೇದಾರನ ಹೆಂಡತಿಯ ಮೇಲೆ ಬರೆದಿದ್ದಳು. ಅವಳು ಬೇಡಿದ್ದು ನ್ಯಾಯವೇ ಎಂಬುದು ಅವಳ ಪ್ರಶ್ನೆ. ಗಂಡನಿಗಾಗಿ ಮಗನಿಗಾಗಿ ಸೆರಗೊಡ್ಡಿದಳು. ಲಹನಾ ಸಿಂಗ್ ಯಾರ ಮಗನೆಂದು ಯಾರೂ ಕೇಳಲಿಲ್ಲ. ಪಟ್ಟಿಯಲ್ಲಿ ಹೆಸರು ಬಂದಾಗ ಅದನ್ನು ಕೀರತ್ ಸಿಂಗನಿಗೆ ಓದಿ ಹೇಳಿದವರು ಯಾರು? ಇಷ್ಟು ಬರೆದು ನಿಲ್ಲಿಸಿದ್ದಳು. ನಾನು ‘ಪ್ರಶ್ನೆಗೆ ಸಂಬಂಧಿಸಿಲ್ಲ’ ಎಂದು ಅಂಚಿನಲ್ಲಿ ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದೆ. ಅದು ಮೊದಲ ಕಟ್ಟಿನಲ್ಲಿಯೇ ಇದ್ದ ಪತ್ರಿಕೆ. ನನಗೆ ಇನ್ನೂ ನಗು ಬರುತ್ತಿದ್ದ ಹೊತ್ತು.

ಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ಅವಳು ಕೊಠಡಿಯ ಬಾಗಿಲಲ್ಲಿ ನಿಂತಳು.

“ಸರ್, ನಾನು ಲಹನಾ ಸಿಂಗನ ಬಗ್ಗೇನೇ ಬರೆದದ್ದು” ಎಂದಳು.

ಪಾತ್ರಚಿತ್ರಣವೆಂದರೇನೆಂದು ನಾನು ವಿವರಿಸತೊಡಗಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: “ನಮ್ಮಣ್ಣ ಮಿಲಿಟರೀಲಿದ್ದಾನೆ ಸರ್. ಅವನ ಜೊತೆಯವರು ರಜೆಯಲ್ಲಿ ಮನೆಗೆ ಬಂದರೆ ನಮ್ಮಮ್ಮ ಅನ್ನ ಬಡಿಸ್ತಾ ಇದೇ ಮಾತು ಹೇಳ್ತಾರೆ, ‘ಇವನನ್ನ ಸ್ವಲ್ಪ ನೋಡಿಕೊಳ್ಳಪ್ಪಾ’ ಅಂತ. ಆ ಹುಡುಗರು ಹೂಂ ಅಂತಾರೆ. ಅವರಿಗೂ ಅಮ್ಮ ಇರ್ತಾರಲ್ಲ ಸರ್.”

ನಾನು ಏನು ಉತ್ತರ ಹೇಳಿದೆನೆಂಬುದು ನೆನಪಿಲ್ಲ. ಏನೂ ಹೇಳಿರಲಾರೆ. ಕಥೆಯ ಶೀರ್ಷಿಕೆಯೇ ‘ಅವಳು ಹೇಳಿದ್ದಳು’ ಎಂಬರ್ಥದ್ದು. ಹೇಳಿದವಳ ಕಡೆಗೆ ಇಷ್ಟು ವರ್ಷ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವಳ ಮಾತು ಅಪರಾಧವಲ್ಲ; ತಾಯಿಯಾದವಳು ಇನ್ನೇನು ಹೇಳಿಯಾಳು? ಆದರೂ ಆ ಮಾತೇ ಅವನಿಗೆ ಮುಳುವಾಯಿತು. ಆರು ವಿಶೇಷಣಗಳಲ್ಲಿ ಯಾವುದರೊಳಗೂ ಈ ಸಂಕಟ ಹಿಡಿಯುವುದಿಲ್ಲ. ಅವಳು ಒಂದೂವರೆ ಪುಟದಲ್ಲಿ ಹಿಡಿದಿದ್ದಳು. ಅಂಕ ತಿದ್ದೋಣವೆಂದು ಕಚೇರಿಗೆ ಹೋದೆ. ಪಟ್ಟಿ ಹಿಂದಿನ ದಿನವೇ ಹೋಗಿಯಾಗಿತ್ತು.

ಅಂದಿನಿಂದ ನನ್ನ ತರಗತಿಯಲ್ಲಿ ಟಿಪ್ಪಣಿ ಬರೆಯಿಸುವುದನ್ನು ಬಿಟ್ಟಿಲ್ಲ, ಬಗೆಯನ್ನು ಬದಲಿಸಿದ್ದೇನೆ. ಮೊದಲ ಓದಿನಲ್ಲಿ ಗುಣವಾಚಕ ಬರೆಯಕೂಡದು. ವಸ್ತುಗಳನ್ನು ಬರೆಯಬೇಕು: ಕಂಬಳಿ, ಉಣ್ಣೆಯಂಗಿ, ಹಸಿಮಣ್ಣು, ನೀರು, ಮಾವಿನಮರ. ಯಾವ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಬರೆಯಬೇಕು. ಎರಡನೆಯ ಓದಿನಲ್ಲಿ, ಪಾತ್ರ ತನ್ನ ಬಗೆಗೆ ಹೇಳಿದ ಸುಳ್ಳುಗಳನ್ನು ಗುರುತಿಸಬೇಕು. ವಿಶೇಷಣ ಬೇಕೇಬೇಕೆಂದರೆ ಮೂರನೆಯ ಓದಿನ ಮೇಲೆ ಒಂದು, ಅದೂ ಪೆನ್ಸಿಲಿನಲ್ಲಿ. ಇದರಿಂದ ಫಲಿತಾಂಶದ ಶೇಕಡಾವಾರು ಇಳಿದೀತೆಂದು ಸಹೋದ್ಯೋಗಿಗಳು ಎಚ್ಚರಿಸಿದ್ದಾರೆ. ಅವರ ಆತಂಕ ಸುಳ್ಳೆಂದು ನಾನು ಹೇಳಲಾರೆ. ನನ್ನ ಹಳೆಯ ಟಿಪ್ಪಣಿ ಜೆರಾಕ್ಸ್ ಅಂಗಡಿಯಲ್ಲಿ ಈಗಲೂ ದೊರೆಯುತ್ತದೆ. ಮೊನ್ನೆ ನಾನೇ ಒಂದು ಪ್ರತಿ ಕೊಂಡೆ. ಬಹಳ ಬೇಡಿಕೆಯಿದೆ ಸರ್ ಎಂದು ಅಂಗಡಿಯವನು ಅಭಿಮಾನದಿಂದ ಹೇಳಿದ.

ಕನ್ನಡ ಓದಿದವರಿಗೆಲ್ಲ ಸಂದರ್ಭದ ಪ್ರಶ್ನೆಯ ಪರಿಚಯವಿದೆ. ಆಯ್ಕೆ, ಸಂದರ್ಭ, ಸ್ವಾರಸ್ಯ. ಈ ಮಾತನ್ನು ಯಾರು ಯಾರಿಗೆ ಯಾವಾಗ ಹೇಳಿದರು. ಈ ವರ್ಷದ ಆಂತರಿಕ ಪರೀಕ್ಷೆಗೆ ಗುಲೇರಿಯವರ ಕಥೆಯ ಆ ಕೊನೆಯ ಸಾಲನ್ನೇ ಸಂದರ್ಭಕ್ಕೆ ಕೊಟ್ಟೆ. ಪತ್ರಿಕೆಗಳು ಮೇಜಿನ ಮೇಲಿವೆ. ಆಯ್ಕೆಯನ್ನು ಎಲ್ಲರೂ ಸರಿಯಾಗಿ ಬರೆದಿದ್ದಾರೆ. ಯಾರು ಯಾರಿಗೆ ಹೇಳಿದರೆಂಬಲ್ಲಿ ಕೆಲವರು ಸರ್ಕಾರವೆಂದೂ ಕೆಲವರು ಪತ್ರಿಕೆಯೆಂದೂ ಬರೆದಿದ್ದಾರೆ. ಒಂಬತ್ತು ಮಂದಿ ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಖಾಲಿ ಬಿಟ್ಟವರಿಗೆ ಎಷ್ಟು ಅಂಕ ಕೊಡಬೇಕೆಂಬುದನ್ನು ನಾನಿನ್ನೂ ನಿಶ್ಚಯಿಸಿಲ್ಲ.